ನಾಲ್ಕು ಮಕ್ಕಳು, ಮನೆಯಲ್ಲೇ ಕಲಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ನಮ್ಮ ಮನೆ. ಎರಡು ಎಕರೆಗೆ ತುಸು ಕಡಿಮೆ ಅಡಿಕೆ ತೋಟ, ಎರಡು ದನ, ನಾಲ್ಕು ಮಕ್ಕಳು. ದೊಡ್ಡವಳಿಗೆ 15, ಎರಡನೆಯವನಿಗೆ 12, ಮೂರನೆಯವಳಿಗೆ 9, ಸಣ್ಣವನಿಗೆ 5. ಮಕ್ಕಳು ಮನೆಯಲ್ಲೇ ಕಲಿಯುತ್ತಾರೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳನ್ನು. ಮದುವೆ ಊಟದ ಹಂತಿಯಲ್ಲಿ, ಬಸ್ಸಿನಲ್ಲಿ, ಫೋನಿನಲ್ಲಿ ಕೇಳಿದವರಿಗೆಲ್ಲ ಅರ್ಧರ್ಧ ಉತ್ತರ ಕೊಟ್ಟಿದ್ದೇನೆ. ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಿಮ್ಮದು ಯಾವ ಸಿಲೆಬಸ್?

ಯಾವುದೂ ಅಲ್ಲ. ಇಂಥ ತಿಂಗಳು ಇಂಥ ಪಾಠ ಮುಗಿಯಬೇಕು ಅಂತ ನಾವು ಇಟ್ಟುಕೊಂಡಿಲ್ಲ. ಕೇರಳ ಪಠ್ಯದ ಕನ್ನಡ ಮಾಧ್ಯಮ ಪುಸ್ತಕಗಳು ಮನೆಯಲ್ಲಿವೆ. ಬೇಕಾದಾಗ ಬೇಕಾದಲ್ಲಿ ತೆರೆದು ಓದುತ್ತೇವೆ, ಕಥೆ ಪುಸ್ತಕ ಓದಿದ ಹಾಗೆ.

ಪಾಠಪಟ್ಟಿ ಇಲ್ಲ ಅಂದರೆ ಏನೂ ಇಲ್ಲ ಅಂತ ಅಲ್ಲ. ಮೂರು ಕೆಲಸ ತಪ್ಪುವುದಿಲ್ಲ. ರಾತ್ರಿ ಊಟಕ್ಕೆ ಮೊದಲು ಅರ್ಧ ಗಂಟೆ ಯಾರಾದರೂ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ಬೆಳಗ್ಗೆ ದೊಡ್ಡ ಇಬ್ಬರು ಸ್ವಲ್ಪ ಲೆಕ್ಕ ಮಾಡುತ್ತಾರೆ. ಮಲಗುವ ಮೊದಲು ನಾನು ದಿನದ ಪುಸ್ತಕ ಬರೆಯುತ್ತೇನೆ. ಪುಟದಲ್ಲಿ ಮಗುವಿಗೊಂದು ಸಾಲು: ಇವತ್ತು ಏನು ಕೇಳಿದ, ಏನು ಮಾಡಿದಳು, ಎಲ್ಲಿ ಸಿಕ್ಕಿಬಿದ್ದ. ಈ ಪುಸ್ತಕದ ವಿಷಯ ಮುಂದೆ ಇನ್ನೊಮ್ಮೆ ಬರುತ್ತದೆ, ಯಾಕೆಂದರೆ ಅದು ಇಲ್ಲದಿದ್ದರೆ ನಾವು ದೊಡ್ಡ ತಪ್ಪು ಮಾಡುತ್ತಿದ್ದೆವು.

ಹೇಗೆ ಶುರು ಮಾಡಿದಿರಿ?

2020ರಲ್ಲಿ ಎಲ್ಲರ ಹಾಗೆ ನಮ್ಮ ಮನೆಯಲ್ಲೂ ಶಾಲೆ ನಿಂತಿತು. ಜೂನ್ 1ಕ್ಕೆ ಕೇರಳ ಸರಕಾರದ ವಿಕ್ಟರ್ಸ್ ಟಿವಿ ಚಾನೆಲ್‌ನಲ್ಲಿ ಫಸ್ಟ್ ಬೆಲ್ ಪಾಠಗಳು ಶುರುವಾದವು. ಆದರೆ ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನ. ಟಿವಿ ಇಲ್ಲದ ಆ ದಿನಗಳಲ್ಲಿ ಮಕ್ಕಳು ಅಜ್ಜನ ಹಿಂದೆ ತೋಟ ಸುತ್ತುತ್ತಿದ್ದರು. ದೊಡ್ಡವಳು ಶಾಲೆಯಲ್ಲಿ ಒಂದು ಪ್ರಶ್ನೆ ಕೇಳದೆ ವರ್ಷ ಕಳೆದವಳು. ಆಗ ದಿನಕ್ಕೆ ಇಪ್ಪತ್ತು ಪ್ರಶ್ನೆ ಕೇಳತೊಡಗಿದಳು. ಶಾಲೆ ಪುನಃ ತೆರೆದಾಗ ನಾನು, ಅವರಪ್ಪ ಒಂದು ತಿಂಗಳು ಕೂತು ಮಾತಾಡಿದೆವು. ಒಂದು ವರ್ಷ ನೋಡೋಣ ಅಂತ ತೀರ್ಮಾನ ಮಾಡಿದೆವು. ಈಗಲೂ ಪ್ರತಿ ಏಪ್ರಿಲ್‌ನಲ್ಲಿ ಮಕ್ಕಳನ್ನೂ ಕೂರಿಸಿಕೊಂಡು ಇನ್ನೊಂದು ವರ್ಷಕ್ಕೆ ತೀರ್ಮಾನ ಮಾಡುತ್ತೇವೆ. ಜನ್ಮಕ್ಕೆಲ್ಲ ಒಮ್ಮೆಲೇ ನಿರ್ಧಾರ ಮಾಡಬೇಕಾಗಿಲ್ಲ.

ಒಂದು ದಿನ ಹೇಗಿರುತ್ತದೆ?

ತಿಂಗಳಿಗೆ ತಕ್ಕ ಹಾಗೆ. ಜನವರಿಯಲ್ಲಿ ಅಂಗಳ ತುಂಬ ಅಡಿಕೆ ಒಣಗುತ್ತಿರುತ್ತದೆ, ಕಾಗೆ ಓಡಿಸುತ್ತ ಓದುತ್ತಾರೆ. ಜೋರು ಮಳೆಯ ಆಟಿ ತಿಂಗಳಲ್ಲಿ ಹೊರಗೆ ಕಾಲಿಡಲು ಆಗುವುದಿಲ್ಲ, ಆಗ ಚಾವಡಿಯಲ್ಲಿ ಕೂತು ನಕ್ಷೆ ಬರೆಯುವುದು, ಹೊಲಿಗೆ, ಪುಸ್ತಕ ಜಾಸ್ತಿ. ಸಾಧಾರಣ ದಿನದಲ್ಲಿ ತಿಂಡಿ ಆದ ಮೇಲೆ ಒಂದು ಗಂಟೆ ಕೂತು ಮಾಡುವ ಕೆಲಸ, ಮಧ್ಯಾಹ್ನದವರೆಗೆ ಅವರವರ ಕೆಲಸ, ಸಂಜೆ ಆಟ. ಸಣ್ಣವನಿಗೆ ಇದು ಯಾವುದೂ ಇಲ್ಲ. ಅವನು ಮಣ್ಣಿನಲ್ಲಿ ಇರುತ್ತಾನೆ.

ನಾಲ್ಕು ವಯಸ್ಸಿನ ಮಕ್ಕಳಿಗೆ ಒಟ್ಟಿಗೆ ಕಲಿಸುವುದು ಹೇಗೆ?

ನಾಲ್ಕು ಪಾಠ ತಯಾರು ಮಾಡಲು ಹೋದರೆ ಒಂದು ವಾರದಲ್ಲಿ ಸುಸ್ತಾಗುತ್ತೀರಿ. ಒಂದೇ ಕೆಲಸವನ್ನು ನಾಲ್ವರ ಮುಂದೆ ಇಡಿ. ಅವರವರ ಎತ್ತರಕ್ಕೆ ಸಿಕ್ಕಿದ್ದನ್ನು ಅವರು ತೆಗೆದುಕೊಳ್ಳುತ್ತಾರೆ.

ಒಂದು ಉದಾಹರಣೆ ಹೇಳುತ್ತೇನೆ. ಮಳೆ ಹಿಡಿಯುವ ಮೊದಲು ತೋಟಕ್ಕೆ ಮದ್ದು ಬಿಡುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಸಣ್ಣವನಿಗೆ ಆ ನೀಲಿ ಬಣ್ಣ ನೋಡುವುದೇ ಹಬ್ಬ. ದೂರ ನಿಲ್ಲಬೇಕು, ಮುಟ್ಟಬಾರದು ಅನ್ನುವುದೂ ಅವನ ಪಾಠ. ಮೂರನೆಯವಳು ಲೆಕ್ಕದವಳು. ನಮಗೆ 600 ಲೀಟರ್ ಬೇಕಾದರೆ ಎಷ್ಟು ತುತ್ತು, ಎಷ್ಟು ಸುಣ್ಣ, ಕಿಲೋಗೆ ಇಷ್ಟಾದರೆ ಒಟ್ಟು ಎಷ್ಟು ದುಡ್ಡು ಅಂತ ಬರೆಯುತ್ತಾಳೆ. ಎರಡನೆಯವನು ಕತ್ತಿಯ ಪರೀಕ್ಷೆ ಮಾಡುತ್ತಾನೆ. ಹೊಳೆಯುವ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಅಲಗಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ತುತ್ತಿನಲ್ಲಿರುವ ತಾಮ್ರ ಕಬ್ಬಿಣದ ಮೇಲೆ ಕೂರುತ್ತದೆ, ಕಬ್ಬಿಣ ನೀರಿಗೆ ಹೋಗುತ್ತದೆ. ಹೈಸ್ಕೂಲಿನ ರಸಾಯನಶಾಸ್ತ್ರದ ಪುಸ್ತಕದಲ್ಲಿ ಇದು ಸ್ಥಾನಪಲ್ಲಟ ಕ್ರಿಯೆ. ಅವನಿಗೆ ಅದು ಮೊದಲು ಕತ್ತಿ, ಆಮೇಲೆ ಹೆಸರು. ತುತ್ತನ್ನು ಕಬ್ಬಿಣದ ಬಾಲ್ದಿಯಲ್ಲಿ ಕರಗಿಸಬಾರದು ಅಂತ ಅಜ್ಜ ಯಾಕೆ ಹೇಳುತ್ತಿದ್ದರು ಅಂತ ಅವತ್ತೇ ಅವನಿಗೆ ಹೊಳೆಯಿತು.

ದೊಡ್ಡವಳು ಇದಕ್ಕೆ ಬೋರ್ಡೋ ಅಂತ ಯಾಕೆ ಹೆಸರು ಅಂತ ಹುಡುಕಿಕೊಂಡು ಹೋದಳು. ಫ್ರಾನ್ಸಿನ ಬೋರ್ಡೋ ಊರಿನ ಹತ್ತಿರ ದಾರಿ ಬದಿಯ ದ್ರಾಕ್ಷಿಯನ್ನು ಹೋಗುವವರು ಬರುವವರು ಕದಿಯುತ್ತಿದ್ದರಂತೆ. ಬೆಳೆಗಾರರು ಹಣ್ಣು ತಿನ್ನಲು ಆಗದ ಹಾಗೆ ಕಾಣಲಿ ಅಂತ ತುತ್ತು, ಸುಣ್ಣ ಕಲಸಿ ಎರಚುತ್ತಿದ್ದರು. ದಾರಿ ಬದಿಯ ಬಳ್ಳಿಗಳಿಗೆ ಮಾತ್ರ ರೋಗ ಇಲ್ಲದ್ದನ್ನು 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರದ ಪ್ರೊಫೆಸರ್ ಗಮನಿಸಿದರು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರ ಹೊತ್ತಿಗೆ ಅದನ್ನು ಅಡಿಕೆಯ ಕೊಳೆರೋಗಕ್ಕೆ ಹಿಡಿದು ತಂದರು. ಕೊಳೆರೋಗ ತರುವ ಫೈಟಾಫ್ಥೊರಾ, ದ್ರಾಕ್ಷಿಯ ಆ ರೋಗಾಣು ಎರಡೂ ಒಂದೇ ಗುಂಪಿನವು, ನಿಜವಾದ ಶಿಲೀಂಧ್ರಕ್ಕಿಂತ ಪಾಚಿಗೆ ಹತ್ತಿರದವು ಅಂತ ಅವಳು ಊಟಕ್ಕೆ ಕೂತಾಗ ಹೇಳಿದಳು. ನನಗೆ ಅದು ಗೊತ್ತಿರಲಿಲ್ಲ. ತೋಟದಲ್ಲೇ ಜೀವನ ಕಳೆದ ಅಜ್ಜನಿಗೂ ಗೊತ್ತಿರಲಿಲ್ಲ. ಅವರು ಅವಳಿಂದ ಎರಡು ಸಲ ಹೇಳಿಸಿಕೊಂಡರು.

ಎಲ್ಲ ದಿನವೂ ಹೀಗಿರುವುದಿಲ್ಲ. ವರ್ಷಕ್ಕೆ ಇಂಥ ಏಳೆಂಟು ದಿನ ಸಿಕ್ಕಿದರೆ ಬೇಕಾದಷ್ಟಾಯಿತು. ಉಳಿದ ದಿನಗಳಲ್ಲಿ ದೊಡ್ಡವರು ಸಣ್ಣವರಿಗೆ ಹೇಳಿಕೊಡುವುದೇ ಹೆಚ್ಚು. ಭಿನ್ನರಾಶಿ ಗೊತ್ತಿದೆ ಅಂದುಕೊಂಡಿದ್ದ ಎರಡನೆಯವನು ತಂಗಿಗೆ ವಿವರಿಸಲು ಹೋಗಿ ತಡವರಿಸಿದ. ಅವನಿಗೆ ಎಲ್ಲಿ ಗೊತ್ತಿಲ್ಲ ಅನ್ನುವುದು ಪರೀಕ್ಷೆ ಇಲ್ಲದೆ ನನಗೂ ಕಂಡಿತು, ಅವನಿಗೂ ಕಂಡಿತು.

ಲೆಕ್ಕ ಸುಮ್ನೆ ಹಾಗೇ ಬರುತ್ತದಾ?

ಸ್ವಲ್ಪ ದೂರದವರೆಗೆ ಬರುತ್ತದೆ. ಆಮೇಲೆ ಕೂತು ಮಾಡಬೇಕು. ಇದನ್ನು ಮುಚ್ಚಿಟ್ಟು ಹೇಳುವುದು ಸರಿಯಲ್ಲ.

ಮನೆಯ ಸುತ್ತ ಲೆಕ್ಕಕ್ಕೆ ಕೊರತೆ ಇಲ್ಲ. ಒಂದು ಸೆಂಟು ಅಂದರೆ 435.6 ಚದರ ಅಡಿ, ನೂರು ಸೆಂಟು ಸೇರಿದರೆ ಒಂದು ಎಕರೆ, 43,560 ಚದರ ಅಡಿ. ಒಂಬತ್ತು ಅಡಿಗೊಂದು ಅಡಿಕೆ ಸಸಿ ನೆಟ್ಟರೆ ಒಂದಕ್ಕೆ 81 ಚದರ ಅಡಿ. ಎಕರೆಗೆ 537 ಮರ ಬರಬೇಕು. ಮಕ್ಕಳು ಎಣಿಸಿದಾಗ ಮೇಲಿನ ತೋಟದ ಒಂದು ಎಕರೆಯಲ್ಲಿ ಸಿಕ್ಕಿದ್ದು 461. ಉಳಿದವು ಎಲ್ಲಿ ಹೋದವು ಅಂತ ಒಂದು ವಾರ ಚರ್ಚೆ. ತೋಡಿಗೆ (ಸಣ್ಣ ಹಳ್ಳಕ್ಕೆ) ಹೋದ ಜಾಗ, ಗಾಳಿಗೆ ಬಿದ್ದವು, ಅಜ್ಜನ ಕಾಲದಲ್ಲಿ ಹತ್ತು ಅಡಿ ಬಿಟ್ಟು ನೆಟ್ಟ ಸಾಲುಗಳು. ಹತ್ತು ಅಡಿ ಬಿಟ್ಟರೆ ಎಕರೆಗೆ 435 ಮಾತ್ರ. ಒಂದೇ ಅಡಿಯ ವ್ಯತ್ಯಾಸಕ್ಕೆ ನೂರು ಮರ ಕಡಿಮೆ ಆಗುವುದು ನೋಡಿ ಅವರಿಗೆ ವರ್ಗ ಅಂದರೆ ಏನು ಅಂತ ಗೊತ್ತಾಯಿತು.

ನಮ್ಮ ಹಿತ್ತಿಲ ಗುಡ್ಡೆಯಲ್ಲಿ ಒಂದು ಸುರಂಗ ಉಂಟು. ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಹೊರಗಿನವರಿಗೆ ಹೇಳುತ್ತೇನೆ: ಮುರಕಲ್ಲಿನ ಗುಡ್ಡದೊಳಗೆ ಒಬ್ಬರು ಹೋಗುವಷ್ಟು ಅಗಲಕ್ಕೆ ಅಡ್ಡಕ್ಕೆ ಕೊರೆದು, ಒಸರುವ ನೀರನ್ನು ಪಂಪು ಇಲ್ಲದೆ ಹೊರಗೆ ತರುವ ದಾರಿ. ಮಕ್ಕಳು ತಿಂಗಳಿಗೊಮ್ಮೆ 10 ಲೀಟರಿನ ಬಾಲ್ದಿ ಇಟ್ಟು ತುಂಬಲು ಎಷ್ಟು ಹೊತ್ತು ಅಂತ ಅಳೆಯುತ್ತಾರೆ. ಒಂದು ಡಿಸೆಂಬರ್‌ನಲ್ಲಿ 40 ಸೆಕೆಂಡು, ಏಪ್ರಿಲ್‌ನಲ್ಲಿ ಮೂರು ನಿಮಿಷ. ದಿನಕ್ಕೆ 21,600 ಲೀಟರ್ ಇದ್ದದ್ದು 4,800ಕ್ಕೆ ಇಳಿದಿತ್ತು. ಗ್ರಾಫ್ ಬರೆಯಲು ನಾನು ಹೇಳಿಕೊಟ್ಟಿದ್ದು ಆಗಲೇ, ಆ ಅಂಕೆಗಳಿಂದಲೇ. ತೋಟಕ್ಕೆ ನೀರು ಯಾವ ವಾರದಿಂದ ಕಡಿಮೆ ಮಾಡಬೇಕು ಅನ್ನುವುದನ್ನು ಆ ವರ್ಷ ಅವರಪ್ಪ ಆ ಗ್ರಾಫ್ ನೋಡಿಯೇ ತೀರ್ಮಾನಿಸಿದರು.

ಆದರೆ ಬೀಜಗಣಿತ ತೋಟದಲ್ಲಿ ಬೆಳೆಯುವುದಿಲ್ಲ. ದೊಡ್ಡವಳು 13ಕ್ಕೆ ಬಂದಾಗ ನಾವು ಎಂಟನೇ ತರಗತಿಯ ಪುಸ್ತಕ ಹಿಡಿದು ಮೊದಲ ಪುಟದಿಂದ ಮಾಡಿದೆವು. ದಿನಕ್ಕೆ 40 ನಿಮಿಷ. ಅವಳೇ ಬೇಕು ಅಂದ ಕಾರಣ ಎರಡು ವರ್ಷದ ಪಾಠ ಹತ್ತು ತಿಂಗಳಲ್ಲಿ ಮುಗಿಯಿತು. ಮಗ್ಗಿಯೂ ಬಾಯಿಪಾಠ ಆಗಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಯಕ್ಷಗಾನ ಕಲಿಯುವ ಎರಡನೆಯವನು ಏಳರ ಮಗ್ಗಿಯನ್ನು ತ್ರಿವುಡೆ ತಾಳ ಹಾಕಿಕೊಂಡು ಕಲಿತ, ಅದಕ್ಕೂ ಏಳೇ ಅಕ್ಷರ.

ಓದಲು ಬರೆಯಲು ಯಾವಾಗ ಬಂತು?

ದೊಡ್ಡವಳು ಐದಕ್ಕೇ ಓದಿದಳು. ಮೂರನೆಯವಳು ಆರೂವರೆಗೆ. ಎರಡನೆಯವನು ಒಂಬತ್ತು ತುಂಬುವ ಹೊತ್ತಿಗೆ. ಈ ಕೊನೆಯ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮಕ್ಕಳು ಅವರವರ ಹೊತ್ತಿಗೆ ಓದುತ್ತಾರೆ, ಅವಸರ ಬೇಡ ಅಂತ ನಾನು ಬಲವಾಗಿ ನಂಬಿದ್ದೆ. ಆದ್ದರಿಂದ ಏಳಕ್ಕೆ, ಎಂಟಕ್ಕೆ ಅವನು ಪುಸ್ತಕ ದೂರ ತಳ್ಳಿದಾಗ ಸುಮ್ಮನಿದ್ದೆ. ಒಂದು ರಾತ್ರಿ ದಿನದ ಪುಸ್ತಕ ತಿರುವಿ ಹಾಕುತ್ತಿದ್ದೆ. ಅವನ ಸಾಲಿನಲ್ಲಿ ಮೂರು ತಿಂಗಳು ತೋಟ, ಹಕ್ಕಿಯ ಕೂಗು, ಚೆಂಡೆ, ಕಥೆ ಕೇಳಿದ್ದು ಎಲ್ಲ ಇತ್ತು. ಕಣ್ಣಿಟ್ಟು ನೋಡುವ ಕೆಲಸ ಒಂದೂ ಇರಲಿಲ್ಲ. ಚಿತ್ರ ಬರೆದದ್ದಿಲ್ಲ, ಹೊಲಿದದ್ದಿಲ್ಲ. ಕಿವಿಯಿಂದ ಆಗುವುದೆಲ್ಲ ಇದೆ, ಕಣ್ಣಿನಿಂದ ಆಗುವುದು ಯಾವುದೂ ಇಲ್ಲ. ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಹತ್ತಿರದ್ದು ಅವನಿಗೆ ಮಸುಕಾಗಿ ಕಾಣುತ್ತಿತ್ತು. ಕನ್ನಡಕ ಬಂದ ನಾಲ್ಕು ತಿಂಗಳಲ್ಲಿ ಒತ್ತಕ್ಷರ ಸಹಿತ ಓದಿದ.

ಶಾಲೆಯಲ್ಲಿ ಇದ್ದಿದ್ದರೆ ಕಣ್ಣಿನ ತಪಾಸಣೆ ಬಂದಾಗ ಬಹುಶಃ ಮೊದಲೇ ಗೊತ್ತಾಗುತ್ತಿತ್ತು. ಅವನು ಎರಡು ವರ್ಷ ಸುಮ್ಮನೆ ಕಷ್ಟಪಟ್ಟ, ಅದು ನೆನಪಾದರೆ ಈಗಲೂ ಸಂಕಟವಾಗುತ್ತದೆ. ಮನೆಯಲ್ಲಿ ಕಲಿಸುವವರು ಯಾರೇ ಇರಲಿ, ನನ್ನದು ಒಂದು ಕೋರಿಕೆ: ಐದು ತುಂಬುವ ಮೊದಲು ಕಣ್ಣು, ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿ, ಆಮೇಲೂ ವರ್ಷಕ್ಕೊಮ್ಮೆ ಮಾಡಿಸಿ. ಅವಸರ ಬೇಡ ಅನ್ನುವುದು ಸರಿ. ಆದರೆ ಕಾಯುವಾಗ ನೋಡುತ್ತಲೂ ಇರಬೇಕು. ಎಂಟು ದಾಟಿಯೂ ಅಕ್ಷರ ಹಿಡಿಯದಿದ್ದರೆ, ಅಕ್ಷರ ಹಿಂದುಮುಂದಾಗುತ್ತಿದ್ದರೆ, ತಿಳಿದವರಿಗೆ ತೋರಿಸಿ.

ಮಲಯಾಳ? ಇಂಗ್ಲಿಷ್?

ಈ ಜಿಲ್ಲೆಯನ್ನು ಏಳು ಭಾಷೆಗಳ ಊರು ಅಂತ ಕರೆಯುವುದು ಸುಮ್ಮನಲ್ಲ. ಮನೆಯಲ್ಲಿ ಹವ್ಯಕ ಕನ್ನಡ, ಕೆಲಸಕ್ಕೆ ಬರುವವರ ಹತ್ತಿರ ತುಳು, ಅಂಗಡಿಯಲ್ಲಿ ಮಲಯಾಳ, ಪಕ್ಕದ ಮನೆಯ ಮಕ್ಕಳ ಹತ್ತಿರ ಮರಾಟಿ. ಮಾತು ಹೀಗೆ ಬಂತು. ಲಿಪಿಗೆ ಮಾತ್ರ ಸ್ವಲ್ಪ ಪ್ರಯತ್ನ ಬೇಕಾಯಿತು. ಮಲಯಾಳ ಅಕ್ಷರಗಳನ್ನು ಮೂರನೆಯವಳು ಬಸ್ಸಿನ ಬೋರ್ಡುಗಳಿಂದ ಕಲಿತಳು. ಬದಿಯಡ್ಕ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ಕಾಯಬೇಕಾದಾಗಲೆಲ್ಲ ಅದೇ ಆಟ: ಕಾಸರಗೋಡು, ಕುಂಬಳೆ, ಮುಳ್ಳೇರಿಯ ಯಾವುದರಲ್ಲಿ ಬರೆದಿದೆ, ಯಾರು ಮೊದಲು ಓದುತ್ತಾರೆ.

ಕೇರಳದಲ್ಲಿ ಇರುವ ಮೇಲೆ ಮಲಯಾಳ ಓದಲು ಬರೆಯಲು ಬರಲೇಬೇಕು. ಕಚೇರಿಯ ಅರ್ಜಿಗೆ, ಕೆಲಸಕ್ಕೆ ಎಲ್ಲಕ್ಕೂ ಬೇಕು. ಮಕ್ಕಳಿಗೆ ಅದನ್ನು ಕಲಿಸಿದರೆ ಕನ್ನಡ ಕಡಿಮೆಯಾಗುತ್ತದೆ ಅನ್ನುವ ಹೆದರಿಕೆ ನನಗಿಲ್ಲ. ರಾತ್ರಿ ಗಟ್ಟಿಯಾಗಿ ಓದುವುದು ಕನ್ನಡವನ್ನೇ, ಅದನ್ನು ಬಿಟ್ಟಿಲ್ಲ. ಇಂಗ್ಲಿಷ್ ಪುಸ್ತಕಗಳಿಂದ ಬಂದಿದೆ. ಓದುತ್ತಾರೆ, ಮಾತಾಡಲು ಸಂಕೋಚಪಡುತ್ತಾರೆ. ಅದು ನಮ್ಮಲ್ಲಿ ಈಗಲೂ ಇರುವ ಕೊರತೆ.

ಚರಿತ್ರೆ, ಸಮಾಜ ಪಾಠ?

ನನಗೆ ತುಂಬ ಇಷ್ಟದ ಪ್ರಶ್ನೆ ಇದು. ಕಾಸರಗೋಡಿನಲ್ಲಿ ಇದ್ದುಕೊಂಡು ಚರಿತ್ರೆಯನ್ನು ಬಾಯಿಪಾಠ ಮಾಡಿಸುವುದು ಯಾಕೆ ಹೇಳಿ!

ನಮ್ಮ ಮನೆಯಿಂದಲೇ ಶುರು ಮಾಡಿದೆವು. ಅಜ್ಜ ಹುಟ್ಟಿದ್ದು 1948ರಲ್ಲಿ, ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಮಕ್ಕಳ ಅಪ್ಪ ಹುಟ್ಟಿದ್ದು 1979ರಲ್ಲಿ, ಕೇರಳದ ಕಣ್ಣೂರು ಜಿಲ್ಲೆಯಲ್ಲಿ. ಮಕ್ಕಳು ಹುಟ್ಟಿದ್ದು ಕಾಸರಗೋಡು ಜಿಲ್ಲೆಯಲ್ಲಿ. ಮೂರು ತಲೆಮಾರು, ಮೂರು ಜಿಲ್ಲೆ, ಮನೆ ಒಂದೇ. ಇದು ಹೇಗೆ ಅಂತ ಮಕ್ಕಳು ತಲೆ ಕೆಡಿಸಿಕೊಂಡರು. 1956ರ ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ್ದು, 1984ರ ಮೇ 24ಕ್ಕೆ ಕಣ್ಣೂರಿನಿಂದ ಬೇರೆಯಾಗಿ ಜಿಲ್ಲೆ ಆದದ್ದು ಅವರಿಗೆ ಈಗ ತಾರೀಕು ಸಮೇತ ನೆನಪಿದೆ. ಅಜ್ಜನ ಹಳೇ ಕಾಗದಪತ್ರಗಳ ಟ್ರಂಕು ಅದಕ್ಕೆ ಪಠ್ಯಪುಸ್ತಕ. ಭಾಷಾವಾರು ಪ್ರಾಂತ್ಯದ ವಿಷಯ ಬಂದಾಗ ಅಜ್ಜನ ದನಿ ಈಗಲೂ ಬದಲಾಗುತ್ತದೆ. ಅದನ್ನೂ ಮಕ್ಕಳು ಕೇಳಲಿ ಅಂತ ನಾನು ಮಧ್ಯೆ ಬಾಯಿ ಹಾಕುವುದಿಲ್ಲ.

ಎಡನೀರು ಮಠಕ್ಕೆ ಹೋದಾಗ ಸಂವಿಧಾನದ ಮಾತು ಬಂತು. ಮಠದ ಜಮೀನಿನ ವಿಷಯಕ್ಕೆ, ಕೇರಳದ ಭೂಸುಧಾರಣೆ ಕಾಯ್ದೆಯ ವಿರುದ್ಧ, ಕೇಶವಾನಂದ ಭಾರತೀ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಾಧೀಶರು ಕೂತು ಕೇಳಿದರು. 1973ರ ಏಪ್ರಿಲ್ 24ಕ್ಕೆ ತೀರ್ಪು ಬಂತು, 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ. ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ರಚನೆಯನ್ನು ಕೆಡಿಸುವ ಹಾಗಿಲ್ಲ ಅಂತ. ದೇಶದ ಕಾನೂನು ಕಾಲೇಜುಗಳಲ್ಲೆಲ್ಲ ಓದುವ ಹೆಸರು ನಮ್ಮ ಊರಿನ ಬಸ್ಸು ನಿಲ್ಲುವ ಜಾಗದ್ದು ಅಂತ ಗೊತ್ತಾದಾಗ ದೊಡ್ಡವಳ ಮುಖ ನೋಡಬೇಕಿತ್ತು. ‘ಒಬ್ಬ ಈಚೆ ಬದಿಗೆ ಬಂದಿದ್ದರೆ ಎಂತ ಆಗ್ತಿತ್ತು?’ ಅಂತ ಎರಡನೆಯವನು ಕೇಳಿದ. ಮನೆಗೆ ಬರುವವರೆಗೂ ಅದೇ ಮಾತು.

ಬೇಕಲ ಕೋಟೆ, ಚಂದ್ರಗಿರಿ ಕೋಟೆ, ಕೆಳದಿಯ ಶಿವಪ್ಪ ನಾಯಕ ಇವೂ ಹೀಗೇ. ಎಣ್ಮಕಜೆ ನಮಗೆ ಹತ್ತಿರ. ಗೇರು ತೋಟಗಳಿಗೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದನ್ನು, ಅದರಿಂದ ಮಕ್ಕಳಿಗೆ ಏನಾಯಿತು ಅನ್ನುವುದನ್ನು ದೊಡ್ಡ ಇಬ್ಬರಿಗೆ ನಾವೇ ಹೇಳಿದೆವು. ಕಷ್ಟದ ಪಾಠ. ನೆರೆಯ ಊರಿನ ನೋವನ್ನು ಮಕ್ಕಳು ಹತ್ತಿರದವರ ಬಾಯಿಂದಲೇ ತಿಳಿಯಲಿ ಅನಿಸಿತು.

ಇದು ಕಾನೂನು ಪ್ರಕಾರ ಸರಿಯಾ?

2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣ. ಮಗುವನ್ನು ನೆರೆಯ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಅಂತ ಅದರ 10ನೇ ಸೆಕ್ಷನ್ ಹೇಳುತ್ತದೆ. ಹಾಗೆ ಮಾಡದ ಹೆತ್ತವರಿಗೆ ಆ ಕಾಯ್ದೆಯಲ್ಲಿ ದಂಡವಾಗಲಿ ಜೈಲಾಗಲಿ ಬರೆದಿಲ್ಲ. ಮನೆಯಲ್ಲಿ ಕಲಿಸುವುದಕ್ಕೆ ಪ್ರತ್ಯೇಕ ಮಾನ್ಯತೆಯನ್ನೂ ಅದು ಕೊಟ್ಟಿಲ್ಲ. ಪರಿಸ್ಥಿತಿ ಇಷ್ಟು. ಹೆದರಬೇಡಿ, ಆದರೆ ‘ಪೂರ್ತಿ ಕಾನೂನುಬದ್ಧ’ ಅಂತ ಎದೆ ತಟ್ಟಿ ಹೇಳುವವರನ್ನೂ ನಂಬಬೇಡಿ.

ನಮ್ಮಲ್ಲಿಗೆ ಒಮ್ಮೆ ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡುವವರು ಬಂದಿದ್ದರು. ಕುಡಿಯಲು ಮಜ್ಜಿಗೆ ಕೊಟ್ಟು, ದಿನದ ಪುಸ್ತಕ, ಮಕ್ಕಳ ನೋಟುಗಳು, ಸುರಂಗದ ಗ್ರಾಫ್ ಎಲ್ಲ ತೋರಿಸಿದೆವು. ಒಂದು ಗಂಟೆ ಮಕ್ಕಳ ಹತ್ತಿರ ಮಾತಾಡಿ ಹೋದರು. ಮಕ್ಕಳು ಶಾಲೆಗೆ ಹೋಗದೆ ಕೂಲಿಗೆ ಹೋಗುವ ಮನೆಗಳೂ ಉಂಟಲ್ಲ, ಅವರು ವಿಚಾರಿಸಬೇಕಾದದ್ದೇ.

ಹತ್ತನೇ ತರಗತಿ ಪರೀಕ್ಷೆ? ಮುಂದೆ ಕಾಲೇಜು?

ಎನ್‌ಐಓಎಸ್ ಅಂತ ಎಲ್ಲರೂ ಕರೆಯುವ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ 1989ರಿಂದ ಇದೆ. ಕೇಂದ್ರ ಸರಕಾರದ್ದು. ಹತ್ತನೆಯ ಮಟ್ಟಕ್ಕೆ ಸೇರಲು 14 ತುಂಬಿರಬೇಕು. ಎಂಟನೇ ತರಗತಿಯ ಸರ್ಟಿಫಿಕೇಟು ಇಲ್ಲದವರು, ಈ ಮಟ್ಟ ಓದುವಷ್ಟು ತಿಳಿವಳಿಕೆ ಇದೆ ಅಂತ ಸ್ವಂತ ಘೋಷಣೆ ಕೊಡಬಹುದು. ಪಾಸಾಗಲು ಐದು ವಿಷಯ ಬೇಕು. ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳಬಹುದು. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಒಮ್ಮೆ, ಅಕ್ಟೋಬರ್-ನವೆಂಬರ್ ಒಮ್ಮೆ. ಒಮ್ಮೆ ಸೇರಿದರೆ ಐದು ವರ್ಷದ ಅವಧಿ, ಒಂಬತ್ತು ಅವಕಾಶ. ಎಲ್ಲ ವಿಷಯವನ್ನೂ ಒಟ್ಟಿಗೇ ಬರೆಯಬೇಕೆಂದಿಲ್ಲ.

ದೊಡ್ಡವಳು ಎರಡು ವಿಷಯ ಮುಗಿಸಿದ್ದಾಳೆ, ಮೂರು ಬಾಕಿ. ಪರೀಕ್ಷೆಗೆ ಓದುವ ಆ ತಿಂಗಳುಗಳಲ್ಲಿ ಅವಳಿಗೆ ವೇಳಾಪಟ್ಟಿ ಉಂಟು, ಪುಸ್ತಕ ಉಂಟು, ಗಡಿಯಾರ ನೋಡಿ ಬರೆಯುವ ಅಭ್ಯಾಸವೂ ಉಂಟು. ಸಲೀಸಾಗಿ ಕಲಿತ ಮಗುವಿಗೆ ಮೂರು ಗಂಟೆ ಒಂದೇ ಕಡೆ ಕೂತು ಬರೆಯುವುದೇ ದೊಡ್ಡ ಕಷ್ಟ. ಆರು ತಿಂಗಳು ಮೊದಲೇ ಅಭ್ಯಾಸ ಶುರು ಮಾಡಿ.

ಡಿಗ್ರಿ ಇಲ್ಲದೆ ಏನು ಅಂತ ಕೇಳಿದವರಿಗೆ ಕೆಲವರು ಮಂಜೇಶ್ವರದ ಗೋವಿಂದ ಪೈಗಳ ಹೆಸರು ಹೇಳುವುದುಂಟು. ತಂದೆ ತೀರಿಕೊಂಡದ್ದರಿಂದ ಅವರು ಮದ್ರಾಸಿನಲ್ಲಿ ಬಿ.ಎ. ಮುಗಿಸದೆ ಊರಿಗೆ ಬಂದರು. ಆಮೇಲೆ ಸ್ವಂತ ಓದಿನಿಂದ ಎಷ್ಟೋ ಭಾಷೆ ಕಲಿತರು, 1949ರಲ್ಲಿ ಮದ್ರಾಸ್ ಸರಕಾರ ಅವರನ್ನು ರಾಷ್ಟ್ರಕವಿ ಅಂತ ಗೌರವಿಸಿತು. ಮಕ್ಕಳಿಗೆ ಈ ಕಥೆ ನಾನೂ ಹೇಳುತ್ತೇನೆ, ಅವರ ಮನೆಯಲ್ಲಿರುವ ಸ್ಮಾರಕ ಗಿಳಿವಿಂಡಿಗೂ ಕರೆದುಕೊಂಡು ಹೋಗಿದ್ದೇನೆ. ಆದರೆ ನನ್ನ ಮಗಳಿಗೆ ನರ್ಸಿಂಗ್ ಓದುವ ಆಸೆ. ಅದಕ್ಕೆ ಸರ್ಟಿಫಿಕೇಟು ಬೇಕು, ಅದನ್ನು ನಾವು ಮಾಡಿಸುತ್ತೇವೆ.

ಸ್ನೇಹಿತರು ಇಲ್ಲದೆ ಮಕ್ಕಳು ಒಂಟಿಯಾಗುವುದಿಲ್ಲವಾ?

ನಾಲ್ವರಿರುವ ಮನೆಯಲ್ಲಿ ಒಂಟಿಯಾಗುವುದು ಕಷ್ಟ. ವಾರಕ್ಕೆ ಎರಡು ದಿನ ಯಕ್ಷಗಾನ ತರಗತಿ, ಶನಿವಾರ ಗ್ರಂಥಾಲಯ, ಸಂಜೆ ಗದ್ದೆಯಲ್ಲಿ ಆಟ. ಕೇರಳದಲ್ಲಿ ಹಳ್ಳಿ ಗ್ರಂಥಾಲಯಗಳು ಗಟ್ಟಿಯಾಗಿವೆ, ಅದು ನಮ್ಮ ಪುಣ್ಯ. ಜೂನ್ 19ರ ವಾಚನಾ ದಿನಕ್ಕೆ ಅಲ್ಲಿ ಮಕ್ಕಳೇ ಓದುತ್ತಾರೆ, ಮಾತಾಡುತ್ತಾರೆ.

ಆದರೆ ಒಂದೇ ವಯಸ್ಸಿನ ಆಪ್ತ ಗೆಳತಿ ಬೇಕು ಅಂತ ದೊಡ್ಡವಳಿಗೆ 11-12ರ ಹೊತ್ತಿಗೆ ತುಂಬ ಅನಿಸಿತು. ತಮ್ಮಂದಿರು, ತಂಗಿ ಆ ಜಾಗ ತುಂಬುವುದಿಲ್ಲ. ಆಗ ಅವಳನ್ನು ದಸರೆ ರಜೆಯಲ್ಲಿ, ಬೇಸಿಗೆಯಲ್ಲಿ ಪುತ್ತೂರಿನ ಚಿಕ್ಕಮ್ಮನ ಮನೆಗೆ ಕಳಿಸಿದೆವು. ಅಲ್ಲಿ ಸಿಕ್ಕಿದ ಗೆಳತಿ ಈಗಲೂ ಇದ್ದಾಳೆ.

ಜಗಳ?

ದಿನಾ. ಮಳೆಗಾಲದಲ್ಲಿ ಜಾಸ್ತಿ. ನಾನು ಒಬ್ಬೊಬ್ಬರಿಗೆ ಒಂದು ಮೂಲೆ ಮಾಡಿಕೊಟ್ಟಿದ್ದೇನೆ, ಅಲ್ಲಿಗೆ ಬೇರೆಯವರು ಕೇಳದೆ ಹೋಗುವಂತಿಲ್ಲ. ಅಷ್ಟರಿಂದಲೇ ಅರ್ಧ ಜಗಳ ಕಡಿಮೆಯಾಯಿತು.

ಮೊಬೈಲು?

ಮನೆಗೆ ಒಂದೇ ಮೊಬೈಲು ಮಕ್ಕಳ ಕೈಗೆ, ಚಾವಡಿಯಲ್ಲಿ ಕೂತು, ಏನು ಹುಡುಕಬೇಕು ಅಂತ ಮೊದಲು ಹೇಳಿ. ರೀಲ್ಸ್ ಇಲ್ಲ.

ಮಗು ತಾನಾಗಿ ಶಾಲೆಗೆ ಹೋಗುತ್ತೇನೆ ಅಂದರೆ?

ಕಳಿಸಿ. ನಮ್ಮ ಮೂರನೆಯವಳು ಕಳೆದ ಜೂನ್‌ನಿಂದ ಊರಿನ ಶಾಲೆಗೆ ಹೋಗುತ್ತಿದ್ದಾಳೆ. ಪಕ್ಕದ ಮನೆಯವಳು ಬೆಳಗ್ಗೆ ಕೊಡೆ ಹಿಡಿದು ಹೋಗುವುದನ್ನು ಎರಡು ವರ್ಷ ನೋಡಿದಳು, ಏಪ್ರಿಲ್‌ನ ಮಾತುಕತೆಯಲ್ಲಿ ‘ಅಮ್ಮಾ, ನಾನೂ ಹೋಗ್ತೆ’ ಅಂದಳು. ನನಗೆ ಒಳಗೊಳಗೇ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅವಳ ಮಾತನ್ನು ನಾವು ಕೇಳದಿದ್ದರೆ ಇಷ್ಟು ವರ್ಷ ಮಕ್ಕಳ ಇಷ್ಟದಂತೆ ಕಲಿಕೆ ಅಂದದ್ದಕ್ಕೆ ಬೆಲೆ ಏನು?

ಸೇರಿಸುವುದು ಕಷ್ಟವಾಗಲಿಲ್ಲ. ಶಾಲೆಗೆ ಹೋಗದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು ಅಂತ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಹಿಂದೆ ಬಿದ್ದಿದ್ದರೆ ವಿಶೇಷ ತರಬೇತಿ ಕೊಡಬೇಕು. ಪ್ರವೇಶ ಪರೀಕ್ಷೆ ಮಾಡುವ ಹಾಗಿಲ್ಲ. ಮುಖ್ಯೋಪಾಧ್ಯಾಯರು ಪ್ರೀತಿಯಿಂದ ಮಾತಾಡಿಸಿ ಸೇರಿಸಿಕೊಂಡರು. ಅವಳಿಗೆ ಬರವಣಿಗೆ ನಿಧಾನ, ಉಳಿದದ್ದರಲ್ಲಿ ತೊಂದರೆ ಆಗಿಲ್ಲ. ಮಧ್ಯಾಹ್ನದ ಊಟ, ಕಬಡ್ಡಿ ಎರಡೂ ಅವಳಿಗೆ ಪ್ರಾಣ. ಸಂಜೆ ಬಂದು ತಮ್ಮನಿಗೆ ಟೀಚರ್ ಆಗುತ್ತಾಳೆ.

ಮನೆಯ ಹಿರಿಯರು ಒಪ್ಪಿದರಾ?

ಅತ್ತೆ ಮೊದಲ ವರ್ಷ ತುಂಬ ಚಿಂತೆ ಮಾಡಿದರು. ಅವರನ್ನು ಬಾಲ್ಯದಲ್ಲಿ ಐದನೇ ತರಗತಿಗೆ ಶಾಲೆ ಬಿಡಿಸಿದ್ದರು, ಓದುವ ಆಸೆ ಅವರಲ್ಲಿ ಹಾಗೇ ಉಳಿದಿತ್ತು. ಮೊಮ್ಮಕ್ಕಳನ್ನು ಶಾಲೆ ಬಿಡಿಸಿದ್ದು ಅವರಿಗೆ ಹೇಗೆ ಕಂಡಿರಬೇಕು ಅಂತ ನನಗೆ ತಡವಾಗಿ ಅರ್ಥವಾಯಿತು. ವಾದ ಮಾಡುವುದು ಬಿಟ್ಟು, ರಾತ್ರಿಯ ಓದಿಗೆ ಅವರನ್ನೂ ಕೂರಿಸಿದೆ. ಈಗ ವಾರಕ್ಕೆರಡು ದಿನ ಅವರೇ ಓದುತ್ತಾರೆ, ಕನ್ನಡಕ ಏರಿಸಿ, ನಿಧಾನವಾಗಿ.

ಖರ್ಚು ಎಷ್ಟು?

ಪುಸ್ತಕಕ್ಕೆ, ಯಕ್ಷಗಾನದ ಗುರುಗಳಿಗೆ, ಬಸ್ಸಿಗೆ. ಶಾಲೆಯ ವ್ಯಾನಿಗೆ ಕೊಡುತ್ತಿದ್ದುದಕ್ಕಿಂತ ಕಡಿಮೆ. ಪಠ್ಯಪುಸ್ತಕಗಳು ಅವನ್ನು ತಯಾರಿಸುವ ಕೇರಳದ ಸರಕಾರಿ ಸಂಸ್ಥೆ ಎಸ್‌ಸಿಇಆರ್‌ಟಿಯಿಂದ ಪಿಡಿಎಫ್ ಆಗಿ ಉಚಿತವಾಗಿ ಸಿಗುತ್ತವೆ. ನಿಜವಾದ ಖರ್ಚು ಬೇರೆ: ನಾನು ಹೊರಗಿನ ಕೆಲಸಕ್ಕೆ ಹೋಗುತ್ತಿಲ್ಲ. ಆ ಸಂಬಳವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಯಾರು ಇದಕ್ಕೆ ಕೈಹಾಕಬಾರದು?

ಮನೆಯಲ್ಲಿ ದೊಡ್ಡವರು ಯಾರೂ ಹಗಲು ಇರುವುದಿಲ್ಲ ಅಂದರೆ ಬೇಡ. ಗಂಡಹೆಂಡತಿಯಲ್ಲಿ ಒಬ್ಬರಿಗೆ ಮನಸ್ಸಿಲ್ಲದಿದ್ದರೆ ಬೇಡ. ಹೆಣ್ಣುಮಗಳನ್ನು ಮನೆಗೆಲಸಕ್ಕೆ ಉಳಿಸಿಕೊಳ್ಳುವ ಯೋಚನೆ ಎಲ್ಲಾದರೂ ಮೂಲೆಯಲ್ಲಿ ಇದ್ದರೆ ಖಂಡಿತ ಬೇಡ. ದೊಡ್ಡವಳು ತಮ್ಮಂದಿರನ್ನು ನೋಡಿಕೊಳ್ಳುವುದರಲ್ಲೇ ಅವಳ ದಿನ ಮುಗಿಯುತ್ತಿದೆಯಾ ಅಂತ ನಾನು ದಿನದ ಪುಸ್ತಕದಲ್ಲಿ ತಿಂಗಳಿಗೊಮ್ಮೆ ನೋಡುತ್ತೇನೆ. ಎರಡು ಸಲ ಹಾಗೆ ಆಗಿತ್ತು, ಸರಿಮಾಡಿದೆವು.

ಶುರು ಮಾಡುವುದಾದರೆ ಮೊದಲು ಏನು ಮಾಡಲಿ?

ಒಂದು ನೋಟುಪುಸ್ತಕ ತನ್ನಿ. ಬೇಸಿಗೆ ರಜೆಯ ಎರಡು ತಿಂಗಳು, ಏನೂ ಕಲಿಸದೆ, ಮಗುವಿಗೆ ದಿನಕ್ಕೊಂದು ಸಾಲು ಬರೆಯಿರಿ. ಮೇ ಕೊನೆಗೆ ಓದಿ ನೋಡಿ. ಬರೆಯಲು ಏನೂ ಸಿಗದ ದಿನಗಳು ಜಾಸ್ತಿ ಇದ್ದರೆ, ಅಥವಾ ಎರಡೇ ವಾರಕ್ಕೆ ಬರೆಯುವುದು ನಿಂತುಹೋದರೆ, ಜೂನ್‌ನಲ್ಲಿ ಶಾಲೆಗೇ ಕಳಿಸಿ.

ನಿಮ್ಮ ಮನೆಗೆ ಬಂದು ನೋಡಬಹುದಾ?

ಬನ್ನಿ, ಮಕ್ಕಳನ್ನೂ ಕರೆದುಕೊಂಡು. ಡಿಸೆಂಬರ್ ಒಳ್ಳೆಯದು, ಆಗ ತೋಡಿಗೆ ನೀರು ತಡೆಯುವ ಕಟ್ಟ ಕಟ್ಟುವ ಕೆಲಸ ಇರುತ್ತದೆ. ಕಲ್ಲು ಮಣ್ಣು ಹೊರಲು ಎಷ್ಟು ಜನ ಇದ್ದರೂ ಬೇಕು. ಸುರಂಗ ನೋಡುವುದಾದರೆ ಟಾರ್ಚ್ ತನ್ನಿ, ಹಳೇ ಬಟ್ಟೆ ಹಾಕಿಕೊಳ್ಳಿ. ಎರಡನೆಯವನು ಒಳಗೆ ಕರೆದುಕೊಂಡು ಹೋಗುತ್ತಾನೆ, ಅವರಪ್ಪ ಬಾಯಲ್ಲಿ ನಿಂತಿರುತ್ತಾರೆ.